ಬೆಸೆಯುವ ಯಂತ್ರ, ಕತ್ತರಿಸುವ ಯಂತ್ರ: ಒಂದೇ ಸಾಕೆ, ಎರಡು ಬೇಕೆ?



ಹಿಂದೆ ಊರಿಗೊಂದು ಕುಲುಮೆ ಇರುತ್ತಿತ್ತು. ನೇಗಿಲಿನ ಗುಳ ಮೊಂಡಾದರೆ, ಕುಡುಗೋಲು ಮುಕ್ಕಾದರೆ, ಗಾಡಿಯ ಹಳಿ ಸಡಿಲವಾದರೆ ಕಮ್ಮಾರನ ಮನೆಯ ಮುಂದೆ ಹೋಗಿ ನಿಂತರಾಯಿತು. ಸುಗ್ಗಿಯಲ್ಲಿ ಆಯ ಅಳೆದು ಕೊಟ್ಟರೆ ವರ್ಷದ ಲೆಕ್ಕ ತೀರುತ್ತಿತ್ತು. ಈಗ ಬಹಳ ಊರುಗಳಲ್ಲಿ ಆ ಕುಲುಮೆಯ ತಿದಿ ನಿಂತುಹೋಗಿದೆ. ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಕಲ್ಟಿವೇಟರ್ ಬಂದಿದೆ, ಟ್ರೇಲರ್ ಬಂದಿದೆ. ಇವು ಮುರಿಯುವುದಕ್ಕೂ ಒಂದು ಮುಹೂರ್ತವಿದೆ ನೋಡಿ. ಮಳೆ ಬಿದ್ದು ನೆಲ ಹದಕ್ಕೆ ಬಂದ ದಿನವೇ ಕಲ್ಟಿವೇಟರಿನ ಹಲ್ಲು ಕಳಚುತ್ತದೆ. ಅದನ್ನು ಹೊತ್ತುಕೊಂಡು ಪೇಟೆಗೆ ಹೋಗಿ, ಅಲ್ಲಿ ಸಾಲಿನಲ್ಲಿ ಕಾದು, ಮರಳಿ ಬರುವಷ್ಟರಲ್ಲಿ ಹದ ಆರಿಹೋಗಿರುತ್ತದೆ.

ಅದಕ್ಕೇ ಈಚೆಗೆ ಅನೇಕ ಮನೆಗಳಲ್ಲಿ ಒಂದು ಮಾತು ನಡೆಯುತ್ತದೆ. ಮಗ ಐ.ಟಿ.ಐ. ಕಲಿತು ಬಂದಿರುತ್ತಾನೆ. "ಅಪ್ಪಾ, ಒಂದು ವೆಲ್ಡಿಂಗ್ ಮೆಷಿನ್ ತರೋಣ. ನಮ್ಮ ಕೆಲಸವೂ ಆಗುತ್ತೆ, ಊರವರ ಕೆಲಸದಿಂದ ನಾಲ್ಕು ಕಾಸೂ ಬರುತ್ತೆ" ಅನ್ನುತ್ತಾನೆ. ಮಾತೇನೋ ಸರಿಯೇ. ಪೇಟೆಯ ಅಂಗಡಿಗೆ ಹೋದರೆ ಅಲ್ಲಿ ಅಂಗಡಿಯವರು ಒಂದು ಪೆಟ್ಟಿಗೆ ತೋರಿಸುತ್ತಾರೆ. "ಬರೀ ವೆಲ್ಡಿಂಗ್ ಯಾಕೆ ಯಜಮಾನರೇ? ಇದರಲ್ಲಿ ವೆಲ್ಡಿಂಗೂ ಇದೆ, ಪ್ಲಾಸ್ಮಾ ಕಟಿಂಗೂ ಇದೆ. ಸ್ವಿಚ್ ತಿರುಗಿಸಿದರೆ ಬೆಸೆಯುತ್ತೆ, ಇನ್ನೊಂದು ಕಡೆ ತಿರುಗಿಸಿದರೆ ಕತ್ತರಿಸುತ್ತೆ" ಎನ್ನುತ್ತಾರೆ. ಮಗನಿಗೆ ಆಸೆ, ತಂದೆಗೆ ಗೊಂದಲ, ತಾಯಿಗೆ ಅನುಮಾನ. ಯಾಕೆಂದರೆ ಆ ಹಣ ಎಮ್ಮೆ ಮಾರಿದ್ದೋ ಓಲೆ ಅಡವಿಟ್ಟದ್ದೋ ಆಗಿರುತ್ತದೆ. ಹೀಗಿರುವಲ್ಲಿ, ಎರಡೂ ಕೂಡಿದ ಯಂತ್ರ ಒಳ್ಳೆಯದೋ ಬೇರೆ ಬೇರೆ ಯಂತ್ರ ಒಳ್ಳೆಯದೋ ಎಂಬುದನ್ನು ಇಂದು ಸಾವಧಾನವಾಗಿ ಯೋಚಿಸೋಣ.

ಮೊದಲು ಈ ಎರಡು ಕೆಲಸಗಳ ಗುಣ ತಿಳಿಯಬೇಕು. ರಾಡ್ ಹಿಡಿದು ಮಾಡುವ ವೆಲ್ಡಿಂಗಿಗೆ ವೋಲ್ಟು ಕಡಿಮೆ ಸಾಕು, ಆಂಪಿಯರ್ ಹೆಚ್ಚು ಬೇಕು. ನಾವು ಸಾಮಾನ್ಯವಾಗಿ ಬಳಸುವ 3.15 ಮಿಲಿಮೀಟರ್ ರಾಡಿಗೆ ಸುಮಾರು 120 ಆಂಪಿಯರ್ ಬೇಕು. ಆಗ ರಾಡಿನ ತುದಿಯಲ್ಲಿರುವುದು ಸುಮಾರು 25 ವೋಲ್ಟು ಮಾತ್ರ. ಪ್ಲಾಸ್ಮಾ ಕಟಿಂಗ್ ಇದಕ್ಕೆ ತಿರುಗುಮುರುಗು. ಅಲ್ಲಿ 40 ಆಂಪಿಯರ್ ಸಾಕು, ಆದರೆ ಸುಮಾರು 95 ವೋಲ್ಟು ಬೇಕು. ಒಂದು ಕಾಲುವೆಯಲ್ಲಿ ಹರಿಯುವ ನೀರು, ಇನ್ನೊಂದು ಔಷಧಿ ಹೊಡೆಯುವ ಪಂಪಿನ ನಾಜಲ್ಲಿನಿಂದ ಚಿಮ್ಮುವ ನೀರು ಎಂದುಕೊಳ್ಳಿ. ಒಂದೇ ಪೆಟ್ಟಿಗೆ ಈ ಎರಡು ಬಗೆಯ ವಿದ್ಯುತ್ತನ್ನೂ ಕೊಡಬೇಕಾದರೆ ಅದರೊಳಗೆ ಎರಡು ಹಾದಿ ಇರಲೇಬೇಕು. ವಿದ್ಯುತ್ ಒಳಬರುವ ಭಾಗ, ಹತೋಟಿಯ ಭಾಗ, ಗಾಳಿ ಬೀಸುವ ಫ್ಯಾನ್, ಇವು ಸಾಮಾನ್ಯವಾಗಿ ಎರಡು ಹಾದಿಗೂ ಒಂದೇ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪ್ಲಾಸ್ಮಾ ಎಂದರೇನು ಎಂದು ಕೆಲವರು ಕೇಳಬಹುದು. ಸಣ್ಣ ರಂಧ್ರದಿಂದ ಗಾಳಿಯನ್ನು ರಭಸದಿಂದ ಬಿಟ್ಟು, ಅದರ ನಡುವೆ ವಿದ್ಯುತ್ತಿನ ಕಿಡಿಯನ್ನು ಹಾಯಿಸಿದರೆ ಆ ಗಾಳಿಯೇ ಹತ್ತು ಸಾವಿರ ಡಿಗ್ರಿಗೂ ಮೀರಿ ಕಾಯುತ್ತದೆ. ಹಾಗೆ ಕಾದು ವಿದ್ಯುತ್ತು ಹರಿಯುವಂತಾದ ಗಾಳಿಗೇ ಪ್ಲಾಸ್ಮಾ ಎಂದು ಹೆಸರು. ಅದು ಲೋಹವನ್ನು ಕರಗಿಸುತ್ತದೆ. ಹಿಂದಿನಿಂದ ಬರುವ ಗಾಳಿಯ ರಭಸ ಕರಗಿದ್ದನ್ನು ಊದಿ ತಳ್ಳುತ್ತದೆ. ಅಮೆರಿಕದಲ್ಲಿ ರಾಬರ್ಟ್ ಗೇಜ್ ಎಂಬವರಿಗೆ ಇದರ ಪೇಟೆಂಟ್ ದೊರೆತದ್ದು 1957ರಲ್ಲಿ. ಗ್ಯಾಸ್ ಕಟಿಂಗ್ ಆದರೋ ಕಬ್ಬಿಣವನ್ನು ಆಮ್ಲಜನಕದಲ್ಲಿ ಸುಟ್ಟು ಕತ್ತರಿಸುವ ವಿಧಾನ. ಆದ್ದರಿಂದ ಅದು ಸ್ಟೀಲಿನ ಪಾತ್ರೆಯ ಲೋಹಕ್ಕೂ ಅಲ್ಯೂಮಿನಿಯಮ್ಮಿಗೂ ನಡೆಯದು. ಪ್ಲಾಸ್ಮಾ ವಿದ್ಯುತ್ ಹರಿಯುವ ಯಾವ ಲೋಹವನ್ನಾದರೂ ಕತ್ತರಿಸುತ್ತದೆ. ತಗಡು ಸೊಟ್ಟಗಾಗುವುದೂ ಕಡಿಮೆ. ಆದರೆ ಕಬ್ಬಿಣವನ್ನು ಕಾಯಿಸಿ ಬಗ್ಗಿಸುವ ಕೆಲಸ ಪ್ಲಾಸ್ಮಾದಿಂದ ಆಗುವುದಿಲ್ಲ. ಅದಕ್ಕೆ ಗ್ಯಾಸ್ ಅಥವಾ ಕುಲುಮೆಯೇ ಆಗಬೇಕು.

ಈಗ ಕೂಡಿದ ಯಂತ್ರದ ಒಳ್ಳೆಯ ಗುಣಗಳನ್ನು ಮೊದಲು ಹೇಳಿಬಿಡುತ್ತೇನೆ. ಜಾಗ ಕಡಿಮೆ ಸಾಕು. ಒಬ್ಬನೇ ಎತ್ತಿಕೊಂಡು ಹೋಗಬಹುದು. ಒಂದೇ ದರ್ಜೆಯ ಎರಡು ಯಂತ್ರ ಕೊಳ್ಳುವುದಕ್ಕಿಂತ ಕೈಯಿಂದ ಬಿಡುವ ಹಣ ಕಡಿಮೆ. ತಿಂಗಳಿಗೆ ಒಂದೆರಡು ಸಲ ಮಾತ್ರ ಕೆಲಸ ಇರುವವರಿಗೆ ಇವು ಸಣ್ಣ ಅನುಕೂಲಗಳಲ್ಲ. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಟಿಂಗಿಗೆ 30ರಿಂದ 50 ಆಂಪಿಯರ್, ವೆಲ್ಡಿಂಗಿಗೆ 120ರಿಂದ 200 ಆಂಪಿಯರ್ ತನಕ ಇರುತ್ತದೆ. ನಮ್ಮ ಗೇಟು, ಕೊಟ್ಟಿಗೆಯ ಕಂಬಿ, ಟ್ರೇಲರಿನ ತಗಡು ಇಷ್ಟಕ್ಕೆ ಅದು ಸಾಲುತ್ತದೆ.

"ಮತ್ತೆ ಇನ್ನೇನು ಸ್ವಾಮಿ, ಅದನ್ನೇ ತಂದುಬಿಡೋಣ" ಎನ್ನಬೇಡಿ. ಆ ಪೆಟ್ಟಿಗೆಯಲ್ಲಿ ಇಲ್ಲದಿರುವ ಒಂದು ವಸ್ತುವಿದೆ. ಅದು ಗಾಳಿ. ಸಾಮಾನ್ಯವಾಗಿ ಕಂಪ್ರೆಸರ್ ಆ ಪೆಟ್ಟಿಗೆಯೊಳಗೆ ಇರುವುದಿಲ್ಲ. ಅದನ್ನು ಬೇರೆ ಕೊಳ್ಳಬೇಕು. ಒಂದರಲ್ಲಿ ಎರಡು ಎಂದು ತಂದ ಯಂತ್ರ ಕಂಪ್ರೆಸರ್ ಇಲ್ಲದಿದ್ದರೆ ಒಂದರಲ್ಲಿ ಒಂದೇ. ಸಣ್ಣ ಕಂಪ್ರೆಸರ್ ಸಾಕಾಗುವುದೂ ಇಲ್ಲ. 40 ಆಂಪಿಯರಿನ ಟಾರ್ಚು ಸುಮಾರು 70 ಪೌಂಡ್ ಒತ್ತಡದಲ್ಲಿ, ಎಂದರೆ ಸುಮಾರು 5 ಬಾರಿನಲ್ಲಿ, ನಿಮಿಷಕ್ಕೆ ನೂರೈವತ್ತು ಲೀಟರಿನ ಆಸುಪಾಸು ಗಾಳಿ ಕುಡಿಯುತ್ತದೆ. ಟ್ರ್ಯಾಕ್ಟರಿನ ಚಕ್ರಕ್ಕೆ ಗಾಳಿ ತುಂಬುವ 50 ಲೀಟರಿನ ಸಣ್ಣ ಟ್ಯಾಂಕನ್ನು ತೆಗೆದುಕೊಳ್ಳಿ. ಅದರ ಒತ್ತಡ 8 ಬಾರಿನಿಂದ 5 ಬಾರಿಗೆ ಇಳಿಯುವ ತನಕ ನಮಗೆ ದಕ್ಕುವ ಗಾಳಿ ಐವತ್ತು ಮೂರಲೆ ನೂರೈವತ್ತು ಲೀಟರ್. ಎಂದರೆ ಟ್ಯಾಂಕಿನ ಗಾಳಿ ಒಂದೇ ನಿಮಿಷದ ಕೆಲಸ! ಆ ಮೇಲೆ ಪಂಪು ಎಷ್ಟು ತುಂಬುತ್ತದೋ ಅಷ್ಟೇ. ಆದ್ದರಿಂದ ಎರಡು ಕುದುರೆ ಶಕ್ತಿಗೆ ಕಡಿಮೆಯಿಲ್ಲದ ಕಂಪ್ರೆಸರ್ ಬೇಕು. ಗಾಳಿಯಲ್ಲಿನ ನೀರನ್ನು ಹಿಡಿಯುವ ಫಿಲ್ಟರೂ ಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವ ಬಹಳ. ಆ ನೀರು ಟಾರ್ಚಿನೊಳಕ್ಕೆ ಹೋದರೆ ತುದಿಯ ನಾಜಲ್ಲೂ ಒಳಗಿನ ಎಲೆಕ್ಟ್ರೋಡೂ ಬೇಗ ಸುಟ್ಟುಹೋಗುತ್ತವೆ. ಅವು ಸವೆಯುವ ಭಾಗಗಳು. ಮತ್ತೆ ಮತ್ತೆ ಕೊಳ್ಳಬೇಕಾದವು.

ಎರಡನೆಯ ಮಾತು ವಿದ್ಯುತ್ತಿನದು. 120 ಆಂಪಿಯರನ್ನು 25 ವೋಲ್ಟಿನಿಂದ ಗುಣಿಸಿದರೆ ಮೂರು ಸಾವಿರ ವ್ಯಾಟ್. 40 ಆಂಪಿಯರಿನ ಕಟಿಂಗಿಗೆ ಮೂರು ಸಾವಿರದ ಎಂಟುನೂರು ವ್ಯಾಟ್. ಅದರ ಜೊತೆಗೆ ಎರಡು ಕುದುರೆ ಶಕ್ತಿಯ ಕಂಪ್ರೆಸರಿಗೆ ಒಂದೂವರೆ ಸಾವಿರ. ಯಂತ್ರದೊಳಗೆ ನಷ್ಟವಾಗುವುದನ್ನೂ ಸೇರಿಸಿದರೆ ಆರು ಸಾವಿರ ದಾಟುತ್ತದೆ. ಎಂದರೆ, ಬೆಸೆಯುವುದಕ್ಕೆ ತಾಳಿಕೊಂಡ ಮನೆಯ ತಂತಿ ಕತ್ತರಿಸುವುದಕ್ಕೆ ತಾಳೀತು ಎಂಬ ನಂಬಿಕೆ ಬೇಡ. 230 ವೋಲ್ಟು ಸರಿಯಾಗಿ ಬರುತ್ತಿದ್ದರೂ ಆರು ಸಾವಿರ ವ್ಯಾಟಿಗೆ 26 ಆಂಪಿಯರ್ ಎಳೆಯುತ್ತದೆ. ನಮ್ಮೂರಿನ ಸಂಜೆಯ ವೋಲ್ಟು 180ಕ್ಕೆ ಇಳಿದಿದ್ದರೆ 33 ಆಂಪಿಯರ್. ಮನೆಯ ದೊಡ್ಡ ಪ್ಲಗ್ಗು 16 ಆಂಪಿಯರಿನದು ತಾನೇ? ಆದ್ದರಿಂದ ಮೀಟರಿನಿಂದಲೇ ಬೇರೆ ದಪ್ಪ ತಂತಿ, ತಕ್ಕ ಎಂ.ಸಿ.ಬಿ., ಒಳ್ಳೆಯ ಅರ್ಥಿಂಗ್ ಇವನ್ನು ಲೈಸೆನ್ಸಿನ ಎಲೆಕ್ಟ್ರಿಶಿಯನ್ನರಿಂದ ಮಾಡಿಸಿ, ಮಂಜೂರಾದ ಲೋಡನ್ನೂ ಹೆಚ್ಚಿಸಿಕೊಳ್ಳಬೇಕು. "ತೋಟದಲ್ಲಿ ಪಂಪ್‌ಸೆಟ್ಟಿನ ಕರೆಂಟಿದೆಯಲ್ಲ" ಎಂದು ಯಾರೂ ಅತ್ತ ನೋಡಬಾರದು. ನೀರೆತ್ತುವುದಕ್ಕೆಂದು ಕೊಟ್ಟ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸಿದರೆ, 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಎರಡರಷ್ಟು ದರದಲ್ಲಿ ವಸೂಲಿ ಮಾಡಬಹುದು.

ಮೂರನೆಯದು ಯಂತ್ರದ ವಿಶ್ರಾಂತಿ. ಎತ್ತಿಗೆ ಹೇಗೆ ನೊಗ ಇಳಿಸಿ ನೆರಳಿಗೆ ಕಟ್ಟಬೇಕೋ ಹಾಗೆ ಈ ಯಂತ್ರಕ್ಕೂ ತಂಪಾಗಲು ಹೊತ್ತು ಬೇಕು. ಯಂತ್ರದ ಹಿಂದಿನ ಫಲಕದಲ್ಲಿ ಶೇಕಡಾ 60, ಶೇಕಡಾ 35 ಎಂದು ಬರೆದಿರುತ್ತದೆ. ಹತ್ತು ನಿಮಿಷದಲ್ಲಿ ಆರು ನಿಮಿಷ ದುಡಿಸಿ ನಾಲ್ಕು ನಿಮಿಷ ಬಿಡಬೇಕು ಎಂಬುದು ಶೇಕಡಾ 60ರ ಅರ್ಥ. ಶೇಕಡಾ 35 ಎಂದರೆ ಮೂರೂವರೆ ನಿಮಿಷದ ದುಡಿಮೆ, ಆರೂವರೆ ನಿಮಿಷದ ವಿರಾಮ. ಸಾಮಾನ್ಯವಾಗಿ ಈ ಲೆಕ್ಕವನ್ನು 40 ಡಿಗ್ರಿ ಶಾಖಕ್ಕೆ ಹಾಕಿರುತ್ತಾರೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆ ಅದನ್ನೂ ದಾಟುವುದುಂಟು. ಆಗ ದುಡಿಮೆ ಇನ್ನೂ ಕಡಿಮೆ. ಕೂಡಿದ ಯಂತ್ರದಲ್ಲಿ ತೊಡಕೇನೆಂದರೆ, ಕತ್ತರಿಸುವಾಗ ಕಾದ ಮೈಯಿಂದಲೇ ಬೆಸೆಯುವ ಕೆಲಸವನ್ನೂ ಮಾಡಬೇಕು. ಎರಡು ಯಂತ್ರ ಇದ್ದರೆ ಒಂದು ದುಡಿಯುವಾಗ ಒಂದು ತಣಿಯುತ್ತದೆ.

ನಾಲ್ಕನೆಯದು ಕೈಕೆಲಸದ ಓಟ. ಟ್ರೇಲರಿನ ತಳ ಹೊಸದಾಗಿ ಹಾಕುತ್ತೀರಿ ಎನ್ನಿ. ಒಂದು ತುಂಡು ಕತ್ತರಿಸುವುದು, ಕೂರಿಸಿ ನೋಡುವುದು, ಎರಡು ಕಡೆ ಟಾಕಾ ಹಾಕುವುದು, ಮತ್ತೆ ಮೂಲೆ ಕತ್ತರಿಸುವುದು. ಕೂಡಿದ ಯಂತ್ರದಲ್ಲಿ ಪ್ರತಿಸಲವೂ ಸ್ವಿಚ್ಚು ತಿರುಗಿಸಿ, ಎಷ್ಟೋ ಯಂತ್ರಗಳಲ್ಲಿ ಟಾರ್ಚು ಬಿಚ್ಚಿ ಹೋಲ್ಡರ್ ಸಿಕ್ಕಿಸಿ, ಆಂಪಿಯರ್ ಹೊಂದಿಸಬೇಕು. ಎಲ್ಲ ತುಂಡುಗಳನ್ನೂ ಮೊದಲೇ ಕತ್ತರಿಸಿ ಇಟ್ಟುಕೊಳ್ಳುವ ಜಾಣನಿಗೆ ಇದು ಅಷ್ಟು ಕಷ್ಟವಲ್ಲ. ಆದರೆ ಅಣ್ಣ ಕತ್ತರಿಸುತ್ತಾ ತಮ್ಮ ಬೆಸೆಯುತ್ತಾ ಹೋಗುವ ಮನೆಯಲ್ಲಿ ಒಬ್ಬ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಒಳಬರುವ ಭಾಗ ಎರಡು ಹಾದಿಗೂ ಒಂದೇ ಎಂದು ಆಗ ಹೇಳಿದೆನಲ್ಲ. ಅದು ಸುಟ್ಟರೆ ಬೆಸುಗೆಯೂ ಹೋಯಿತು, ಕಟಿಂಗೂ ಹೋಯಿತು. ಈ ಪೆಟ್ಟಿಗೆಗಳೊಳಗೆ ಇರುವುದು ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಬೋರ್ಡು. ಹಳೆಯ ಕಾಲದ ತಾಮ್ರದ ಸುರುಳಿಯ ಯಂತ್ರದಂತೆ ಊರಿನಲ್ಲೇ ಸುತ್ತಿಸಿಕೊಳ್ಳುವಂಥದ್ದಲ್ಲ. ಹೊಲ ಹದಕ್ಕೆ ಬಂದಿದೆ, ಕೂರಿಗೆ ಕಟ್ಟಬೇಕು, ಹಲ್ಲು ಕಳಚಿದೆ, ಯಂತ್ರ ರಿಪೇರಿಗೆ ಹೋಗಿ ವಾರವಾಗಿದೆ, ಬೋರ್ಡು ಇನ್ನೂ ಬಂದಿಲ್ಲ. ಆ ದಿನದ ನಷ್ಟವನ್ನು ಯಂತ್ರದ ಬೆಲೆಯಲ್ಲಿ ಯಾರೂ ಬರೆದಿರುವುದಿಲ್ಲ. ಬೇರೆ ಬೇರೆ ಯಂತ್ರವಿದ್ದಲ್ಲಿ ಕಟರ್ ಕೆಟ್ಟರೂ ಬೆಸುಗೆ ನಿಲ್ಲುವುದಿಲ್ಲ. ಹೊಲದ ಮನೆಗೆ ಮುಖ್ಯವಾದದ್ದು ಬೆಸುಗೆ ನಿಲ್ಲದಿರುವುದು.

ಹಾಗಾದರೆ ಎಲ್ಲರೂ ಎರಡೆರಡು ಯಂತ್ರ ಕೊಳ್ಳಬೇಕೆ? ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಾನು ಹೇಳುವುದು ಬೇರೆ ಮಾತು. ಕೊಳ್ಳುವ ಮೊದಲು, ನಮ್ಮ ಮನೆಗೆ ಪ್ಲಾಸ್ಮಾ ಕಟಿಂಗ್ ಬೇಕೇ ಬೇಕೆ ಎಂದು ಕೇಳಿಕೊಳ್ಳಿ. ನಾವು ಕತ್ತರಿಸುವುದು ಬಹುಪಾಲು ಆಂಗ್ಲು, ಪಟ್ಟಿ, ಪೈಪು, ಕಂಬಿ. ಇವೆಲ್ಲ ನೇರವಾದ ಕೊಯ್ತ. ಕೈಯಲ್ಲಿ ಹಿಡಿಯುವ ನಾಲ್ಕಿಂಚಿನ ಗ್ರೈಂಡರಿಗೆ ಕಟಿಂಗ್ ವೀಲ್ ಹಾಕಿದರೆ ಈ ಕೆಲಸ ಚೆನ್ನಾಗಿ ಆಗುತ್ತದೆ. ಪ್ಲಾಸ್ಮಾದ ನಿಜವಾದ ಹೆಚ್ಚುಗಾರಿಕೆ ಕಾಣುವುದು ತಗಡಿನ ನಡುವೆ ಕಿಂಡಿ ತೆಗೆಯುವಾಗ, ದುಂಡಗೆ ಕತ್ತರಿಸುವಾಗ, ಸ್ಟೀಲು ಅಲ್ಯೂಮಿನಿಯಮ್ ಬಂದಾಗ, ದಿನವಿಡೀ ಪ್ಲೇಟು ಕತ್ತರಿಸುವ ಕೆಲಸ ಇದ್ದಾಗ.

ಆದಕಾರಣ ಒಂದು ಕೆಲಸ ಮಾಡಿ. ಮಕ್ಕಳ ಹಳೆಯ ನೋಟ್‌ಬುಕ್ ಒಂದನ್ನು ಗೋಡೆಗೆ ತೂಗುಹಾಕಿ. ಮುಂಗಾರಿನಿಂದ ಸುಗ್ಗಿಯ ತನಕ ಎಷ್ಟು ಸಲ ಬೆಸುಗೆ ಹಾಕಿಸಿದಿರಿ, ಎಷ್ಟು ಸಲ ಕತ್ತರಿಸಿದಿರಿ, ಕತ್ತರಿಸಿದ್ದು ಗ್ರೈಂಡರಿನಿಂದ ಆಗುವಂಥದ್ದೋ ಅಲ್ಲವೋ, ಕೊಟ್ಟ ಕೂಲಿ ಎಷ್ಟು ಎಂದು ಬರೆಯಿರಿ. ಮನೆಯ ಯಜಮಾನತಿ ಈ ಲೆಕ್ಕ ಇಟ್ಟರೆ ಇನ್ನೂ ಒಳ್ಳೆಯದು. ಸುಗ್ಗಿ ಮುಗಿದಾಗ ಆ ಪುಸ್ತಕವೇ ಉತ್ತರ ಹೇಳುತ್ತದೆ.

ಬೆಸುಗೆಯೇ ಹೆಚ್ಚು, ಕತ್ತರಿಸಿದ್ದು ಆಂಗ್ಲು ಪಟ್ಟಿ ಮಾತ್ರ ಎಂದಿದ್ದರೆ, 200 ಆಂಪಿಯರಿನ ಒಳ್ಳೆಯ ವೆಲ್ಡಿಂಗ್ ಮೆಷಿನ್ನು ಮತ್ತು ಒಂದು ಗ್ರೈಂಡರ್ ಸಾಕು. ಹೆಚ್ಚಿನ ಒಕ್ಕಲು ಮನೆಗಳು ಈ ಸಾಲಿಗೇ ಸೇರುತ್ತವೆ. ಕೆಲಸ ಆಗಾಗ್ಗೆ, ಅದರಲ್ಲಿ ತೆಳು ತಗಡಿನ ಕೆಲಸವೂ ಇದೆ, ಮನೆಯಲ್ಲಿ ತಕ್ಕ ಕಂಪ್ರೆಸರ್ ಮೊದಲೇ ಇದೆ, ಕೈಯಲ್ಲಿ ಹಣ ಮಿತ, ಯಂತ್ರ ಕೆಟ್ಟರೆ ಹತ್ತಿರದಲ್ಲೇ ಬೇರೊಬ್ಬರ ವೆಲ್ಡಿಂಗ್ ಸಿಗುತ್ತದೆ ಎಂದಾದರೆ ಕೂಡಿದ ಯಂತ್ರ ತರುವುದರಲ್ಲಿ ತಪ್ಪಿಲ್ಲ. ಮಗ ಇದನ್ನೇ ಕಸುಬು ಮಾಡಿಕೊಂಡು ಊರ ಕೆಲಸ ಹಿಡಿಯುತ್ತಾನೆ ಎಂದಾದರೆ ಮಾತ್ರ ಬೇರೆ ಬೇರೆ ಯಂತ್ರವೇ ಸರಿ. ಆದರೆ ಎರಡನ್ನೂ ಒಂದೇ ದಿನ ತರಬೇಡಿ. ಮೊದಲು ವೆಲ್ಡಿಂಗ್ ಮೆಷಿನ್ನು ಬರಲಿ, ಅದು ದುಡಿಯಲಿ, ಅದರ ದುಡಿಮೆಯಿಂದ ಕಂಪ್ರೆಸರ್ ಬರಲಿ, ಕೊನೆಗೆ ಕಟರ್ ಬರಲಿ. ಹೀಗೆ ಮಾಡಿದರೆ ಅಡವಿಟ್ಟ ಓಲೆ ಬೇಗ ಕಿವಿಗೆ ಮರಳುತ್ತದೆ.

ಕೊಳ್ಳುವಾಗ ನೋಡಬೇಕಾದ ನಾಲ್ಕು ಗುರುತುಗಳನ್ನು ಹೇಳುತ್ತೇನೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರವನ್ನು ನಂಬದೆ ಹಿಂದಿನ ಫಲಕವನ್ನು ಓದಿರಿ. ಎಷ್ಟು ಆಂಪಿಯರಿಗೆ ಶೇಕಡಾ ಎಷ್ಟು ದುಡಿಮೆ ಎಂದು ಕೇಳಿರಿ. ಕತ್ತರಿಸುವ ದಪ್ಪವನ್ನು ಹೇಳಿದಾಗ, ಒಪ್ಪವಾಗಿ ಕತ್ತರಿಸುವ ದಪ್ಪವೋ ಹೇಗೋ ತುಂಡು ಮಾಡುವ ದಪ್ಪವೋ ಎಂದು ಬಿಡಿಸಿ ಕೇಳಿರಿ. ಎರಡಕ್ಕೂ ಬಹಳ ಅಂತರವಿದೆ. 40 ಆಂಪಿಯರಿನ ಕಟರಿನಿಂದ 10 ಮಿಲಿಮೀಟರಿನ ಆಸುಪಾಸು ಒಪ್ಪವಾದ ಕೆಲಸ ನಿರೀಕ್ಷಿಸಬಹುದು. ನಾಜಲ್ಲು, ಎಲೆಕ್ಟ್ರೋಡು, ಬೋರ್ಡು ಇವು ನಿಮ್ಮ ತಾಲ್ಲೂಕಿನಲ್ಲಿ ಅಥವಾ ಜಿಲ್ಲೆಯಲ್ಲಿ ಸಿಗುತ್ತವೆಯೋ ತಿಳಿಯಿರಿ. ಕೊನೆಯದಾಗಿ, ನಿಮ್ಮ ಮನೆಯ ಮುರುಕು ಕಬ್ಬಿಣವನ್ನೇ ಜೊತೆಗೆ ಒಯ್ದು ಅಂಗಡಿಯಲ್ಲಿ ಬೆಸೆದು, ಕತ್ತರಿಸಿ ತೋರಿಸಲು ಹೇಳಿರಿ. "ಟಿಗ್ ಕೂಡ ಇದೆ" ಎಂದರೆ ಹಿಗ್ಗಬೇಡಿ. ಅದಕ್ಕೆ ಆರ್ಗಾನ್ ಸಿಲಿಂಡರು ಬೇರೆ ಬೇಕು, ಬರೀ ಡಿ.ಸಿ. ಟಿಗ್ ಆದರೆ ಅಲ್ಯೂಮಿನಿಯಮ್ ಬೆಸೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ. ಬಳಸದ ಗುಣಕ್ಕೆ ಹಣ ಕೊಡುವುದು ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ.

ಯಾವ ಯಂತ್ರ ತಂದರೂ ಜೀವಕ್ಕಿಂತ ಅದು ದೊಡ್ಡದಲ್ಲ. ಡೀಸೆಲ್ ಇದ್ದ ಡ್ರಮ್ಮು, ಔಷಧಿಯ ಡಬ್ಬ, ಇವು ಖಾಲಿಯಾಗಿ ಕಂಡರೂ ಒಳಗೆ ಆವಿ ಇರುತ್ತದೆ. ಕಿಡಿ ತಗುಲಿದರೆ ಸಿಡಿಯುತ್ತವೆ. ನೀರಿನ ತೊಟ್ಟಿ ಮಾಡುವ ಆಸೆಗೆ ಅವನ್ನು ಕತ್ತರಿಸಲೇಬೇಡಿ. ಪ್ಲಾಸ್ಮಾ ಟಾರ್ಚಿನಲ್ಲಿ ಕೆಲಸ ಶುರುವಾಗುವ ಮುನ್ನ ಇನ್ನೂರಕ್ಕೂ ಮೀರಿದ ವೋಲ್ಟು ಇರುವುದುಂಟು. ಒದ್ದೆ ಕೈ, ಬರಿಗಾಲು, ಹಸಿ ನೆಲ ಕೂಡದು. ನಾಜಲ್ಲು ಬದಲಿಸುವ ಮುಂಚೆ ಮೆಯಿನ್ ಸ್ವಿಚ್ಚು ಆರಿಸಿರಿ. ಸತು ಬಳಿದ ಜಿ.ಐ. ತಗಡಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿರಿ. ಟ್ರ್ಯಾಕ್ಟರಿನ ಮೈಗೆ ಬೆಸುಗೆ ಹಾಕುವಾಗ ಬ್ಯಾಟರಿಯ ತಂತಿ ಬಿಚ್ಚಿರಿ. ಹುಲ್ಲಿನ ಬಣವೆಯಿಂದ ದೂರವಿರಿ. ಬರಿಗಣ್ಣಿನಿಂದ ಆ ಬೆಳಕನ್ನು ನೋಡಿದ ಮಗು ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಅಳುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಬಾಂಧವರೇ, ಹೇಳಿದ್ದನ್ನು ಚುಟುಕಾಗಿ ಕೂಡಿಸುತ್ತೇನೆ. ಬೆಸುಗೆ ನಮಗೆ ದಿನದ ಅಗತ್ಯ, ಕಟಿಂಗ್ ಅಪರೂಪದ ಅಗತ್ಯ. ದಿನದ ಅಗತ್ಯಕ್ಕೆ ಗಟ್ಟಿ ಯಂತ್ರ ಇರಲಿ. ಅಪರೂಪದ್ದಕ್ಕೆ ಗ್ರೈಂಡರ್ ಇರಲಿ, ಇಲ್ಲವೇ ಪೇಟೆಯ ಕಟಿಂಗ್ ಅಂಗಡಿ ಇರಲಿ. ಕೂಡಿದ ಯಂತ್ರ ಕೊಳ್ಳುವುದಾದರೆ ಕಂಪ್ರೆಸರಿನ ಬೆಲೆ, ತಂತಿಯ ಬೆಲೆ, ಕೆಟ್ಟ ದಿನದ ಬೆಲೆ ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿರಿ. ಆ ಮೇಲೂ ಅಗ್ಗವೆಂದು ಕಂಡರೆ ಧಾರಾಳವಾಗಿ ತನ್ನಿರಿ. ಈ ಸಲದ ಮುಂಗಾರಿಗೆ ಮೊದಲು ನೋಟ್‌ಬುಕ್ಕಿನ ಮೊದಲ ಸಾಲು ಬರೆಯುವುದನ್ನು ಮಾತ್ರ ಮರೆಯಬೇಡಿ.